ಗಾಜಿಗಂಟಿದ ಪುಡಿ

ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಪುಡಿಯಮ್ಮ ಎಂದೇ ಕರೆಯುತ್ತಿದ್ದರು. ಕೆಲಸವೇ ಅಂಥದ್ದು. ಉರಿಯುವ ಕುಲುಮೆಯೊಳಗಿನ ಗಾಳಿ ಎಷ್ಟು ಬಿಸಿ, ಎಷ್ಟು ವೇಗ ಎಂದು ಕೈ ಹಾಕಿ ನೋಡಲಾದೀತೇ? ಹಿಟ್ಟಿಗಿಂತ ನುಣ್ಣನೆಯ ಪುಡಿಯೊಂದನ್ನು ಒಳಗೆ ತೇಲಿಬಿಟ್ಟು ಲೇಸರ್ ಮಿಂಚಿಸಿದರೆ ಕಣಕಣವೂ ಹೊಳೆಯುತ್ತದೆ. ಹೊಳಪಿನ ಬಣ್ಣ ನೋಡಿ ಬಿಸಿ ಹೇಳಬಹುದು. ಎರಡು ಮಿಂಚಿನ ನಡುವೆ ಕಣ ಎಷ್ಟು ದೂರ ಸರಿಯಿತೆಂದು ನೋಡಿ ವೇಗ ಹೇಳಬಹುದು.

ಇದ್ದದ್ದು ಒಂದೇ ಪೀಡೆ. ಪುಡಿ ಕುಲುಮೆಯ ಕಿಟಕಿಯ ಗಾಜಿಗೆ ಅಂಟಿಕೊಳ್ಳುತ್ತದೆ. ಪ್ರತಿ ಸಲವೂ ಕುಲುಮೆ ಆರುವವರೆಗೆ ಕಾದು ಗಾಜು ಒರೆಸಬೇಕೆಂಬುದು ನಿಯಮ. ಆರುವುದಕ್ಕೆ ಎರಡು ಗಂಟೆ. ಅಷ್ಟು ಹೊತ್ತು ಯಾರು ಕಾಯುತ್ತಾರೆ? ಪುಡಿಯಮ್ಮ ನಾಲ್ಕು ಸಲಕ್ಕೊಮ್ಮೆ ಒರೆಸುತ್ತಿದ್ದಳು. ಅಂಟಿದ ಪುಡಿಯೂ ಹೊಳೆದು ಚಿತ್ರಗಳು ಇನ್ನಷ್ಟು ಝಗಮಗಿಸುತ್ತಿದ್ದವು. "ನಿನ್ನ ಕೈಗುಣವೇ ಕೈಗುಣ ಬಿಡಮ್ಮ" ಎಂದು ದೊಡ್ಡ ಎಂಜಿನಿಯರ್ ಹೊಗಳಿದಾಗ ಅವಳು ಉಬ್ಬಿಹೋಗಿದ್ದಳು.

ಆ ಚಿತ್ರಗಳನ್ನು ನೆಚ್ಚಿ ಕಟ್ಟಿದ ಕುಲುಮೆ ಅವಳ ಅಣ್ಣ ದುಡಿಯುವ ಕಾರ್ಖಾನೆಗೇ ಬಂತು. ಏಳನೆಯ ತಿಂಗಳಿಗೆ ಅದರ ಗೋಡೆ ಕರಗಿ ಬಾಯ್ಬಿಟ್ಟಿತು. ಅಣ್ಣನ ಎರಡೂ ಕೈ ಸುಟ್ಟವು. ಪಕ್ಕದಲ್ಲಿದ್ದ ಜೊತೆಗಾರ ಸತ್ತ. ಗೋಡೆ ತಡೆಯುತ್ತದೆಂದು ಪ್ರಯೋಗಾಲಯದ ವರದಿಯಲ್ಲೇ ಇರುವಾಗ, ಅಣ್ಣನೇ ಉರಿ ಮಿತಿಮೀರಿ ಏರಿಸಿರಬೇಕೆಂದು ಎಲ್ಲರೂ ತೀರ್ಮಾನಿಸಿಬಿಟ್ಟರು. ಸತ್ತವನ ಹೆಂಡತಿ ಆಸ್ಪತ್ರೆಗೇ ಬಂದು, "ನನ್ನ ಗಂಡನ್ನ ತಿಂದುಬಿಟ್ಯಲ್ಲೋ" ಎಂದು ಎದೆ ಬಡಿದುಕೊಂಡು ಅತ್ತುಹೋದಳು. ಅಂದಿನಿಂದ ಮೂರು ದಿನ ಅಣ್ಣ ಒಂದು ತುತ್ತನ್ನೂ ಬಾಯಿಗಿಟ್ಟಿರಲಿಲ್ಲ.

ಅಣ್ಣ ಅಂಥವನಲ್ಲ. ಹಾಕಿದ ಬೀಗವನ್ನು ಮೂರು ಸಲ ಎಳೆದು ನೋಡುವ ಪುಕ್ಕಲ ಅವನು. ಪುಡಿಯಮ್ಮನಿಗೆ ಮನಸ್ಸು ತಡೆಯಲಿಲ್ಲ. ಹಳೆಯ ಚಿತ್ರಗಳನ್ನು ತೆರೆದು ಕೂತಳು. ಬಿಸಿಯ ಚಿತ್ರದ ಮೇಲೆ ವೇಗದ ಚಿತ್ರ ಇಟ್ಟು ನೋಡಿದಳು. ಬಿಸಿಯ ಚಿತ್ರದಲ್ಲಿ ತಣ್ಣಗೆ ಕಂಡ ಕಣಗಳು ವೇಗದ ಚಿತ್ರದಲ್ಲಿ ಕೂದಲೆಳೆಯಷ್ಟೂ ಸರಿದಿರಲಿಲ್ಲ. ಅಂಥ ರಭಸದ ಗಾಳಿಯಲ್ಲಿ ತೆಪ್ಪಗೆ ನಿಂತ ಕಣಗಳು! ಅವು ಗಾಳಿಯಲ್ಲಿರಲೇ ಇಲ್ಲ. ಹೊರಗಿನಿಂದ ತಂಪು ಮಾಡುವ ಗಾಜಿನ ಮೇಲೆ ಕೂತು ಗಾಜಿನ ತಂಪನ್ನೇ ಹೇಳಿದ್ದವು. ಸರಿಯದ ಕಣಗಳನ್ನು ವೇಗದ ಲೆಕ್ಕದಿಂದ ಬಿಡುವುದು ವಾಡಿಕೆ. ಬಿಸಿಯ ಲೆಕ್ಕದಿಂದ ಬಿಡಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಬಿಟ್ಟು ಲೆಕ್ಕ ಹಾಕಿದರೆ ಬಿಸಿ ನೂರಾ ಮೂವತ್ತು ಡಿಗ್ರಿ ಹೆಚ್ಚು ಬಂತು. ಆ ಗೋಡೆ ಅಷ್ಟು ಬಿಸಿ ತಡೆಯುವಂಥದ್ದಲ್ಲ.

ಮರುದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಅತ್ತಿಗೆ ಮಂಚದ ಅಂಚಿನಲ್ಲಿ ಕೂತಿದ್ದಳು. ಪುಡಿಯಮ್ಮ ಚಮಚದಲ್ಲಿ ಹಾಲು ಹಿಡಿದಳು. ಅಣ್ಣ ತುಟಿ ಬಿಗಿದ.

"ಅಣ್ಣಾ, ನಿಂದೇನೂ ತಪ್ಪಿಲ್ಲ."

"ಸಮಾಧಾನ ಮಾಡೋಕೆ ಬರಬೇಡ. ನಾನೇ ಮೀಟರ್ ನೋಡೋದ್ರಲ್ಲಿ ಎಡವಿರ್ತೀನಿ."

"ಎಡವಿದ್ದು ನಾನು ಕಣೋ. ನಾನು ಗಾಜು ಒರೆಸಲಿಲ್ಲ."

ಅವಳು ಒಂದೂ ಬಿಡದೆ ಹೇಳಿದಳು. ಅತ್ತಿಗೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಒರೆಸೋಕೆ ಎಷ್ಟು ಹೊತ್ತು ಬೇಕು?" ಅಣ್ಣ ಕೇಳಿದ.

"ಎರಡು ನಿಮಿಷ. ಆರೋವರೆಗೂ ಕಾಯಬೇಕಿತ್ತು, ಅಷ್ಟೇ."

"ಅವನ ಹೆಂಡ್ತಿಗೆ ಹೇಳ್ತೀಯಾ?"

"ಇಲ್ಲಿಂದ ಸೀದಾ ಅಲ್ಲಿಗೇ ಹೋಗ್ತೀನಿ. ಆಮೇಲೆ ಎಂಜಿನಿಯರ್ ಹತ್ರ."

ಅಣ್ಣನ ಕಣ್ಣು ತುಂಬಿ ಬಂತು. ಬ್ಯಾಂಡೇಜು ಸುತ್ತಿದ ಕೈಗಳಿಂದ ಒರೆಸಿಕೊಳ್ಳಲಾಗದೆ ಹಾಗೇ ಬಿಟ್ಟ. "ನಾನಲ್ವಂತೆ ಕಣೇ" ಎಂದು ಹೆಂಡತಿಯ ಕಡೆ ತಿರುಗಿ ಹೇಳಿದ. ಆಮೇಲೆ ಮೆಲ್ಲಗೆ, "ಹೊಟ್ಟೆ ಹಸೀತಿದೆ" ಎಂದ.

ಪುಡಿಯಮ್ಮನಿಗೆ ಹೋದ ಜೀವ ಬಂದಂತಾಯಿತು. ಮೂರು ದಿನದಿಂದ ಅವಳು ಹಂಬಲಿಸಿದ್ದು ಇದೊಂದೇ ಮಾತಿಗೆ. ಗಡಿಬಿಡಿಯಿಂದ ಚಮಚ ತುಂಬಿ ಅವನ ಬಾಯಿಯ ಹತ್ತಿರ ತಂದಳು.

ಅಣ್ಣ ಮುಖ ಆಚೆ ತಿರುಗಿಸಿದ.

"ಅದನ್ನ ನಿನ್ನ ಅತ್ತಿಗೆ ಕೈಗೆ ಕೊಡು."

ಅವಳು ಕೊಟ್ಟಳು. ಬಾಗಿಲಲ್ಲಿ ನಿಂತು, ಅವನು ಲೋಟದ ಹಾಲು ಪೂರ್ತಿ ಕುಡಿಯುವವರೆಗೆ ನೋಡಿದಳು. ಆಮೇಲೆ ಸತ್ತವನ ಮನೆಯ ದಾರಿ ಹಿಡಿದಳು.