ಮೂರು ಬಡಿತ

ಸತ್ತ ತಾಯಿಯ ತಲೆಯನ್ನು ಮಗಳು ಬಾಚುತ್ತಿದ್ದಾಗ ಹಿಂಬಾಗಿಲು ಬಡಿದ ಸದ್ದಾಯಿತು. ಮೂರು ಸಲ. ಆಮೇಲೆ ನಿಂತಿತು.

"ಮುಂಬಾಗಿಲು ಹಾರು ಹೊಡ್ಕೊಂಡಿದೆ, ಹಿಂದಿನಿಂದ ಯಾರಮ್ಮ ಬರ್ತಾರೆ?" ಮುಂದಿನ ಕೋಣೆಯಲ್ಲಿ ಕುರ್ಚಿ ಹಾಕಿ ಕೂತಿದ್ದ ಸೋದರತ್ತೆ ಗೊಣಗಿದಳು. "ಬೆಳಗಿಂದ ಒಂದು ನರಪಿಳ್ಳೆ ಇತ್ತ ಸುಳಿದಿಲ್ಲ. ಮಕ್ಕಳಾಗದಂಗೆ ಮಾಡೋ ಆ ಕೆಲಸ ಬೇಡ ಅಂತ ಬಡ್ಕೊಂಡೆ, ಕೇಳಿದ್ಲಾ ನಿಮ್ಮಮ್ಮ? ಅವಳ ಕೈಯಿಂದ ನಾನು ಒಂದು ಲೋಟ ನೀರೂ ಕುಡಿದವಳಲ್ಲ!"

ಅಮ್ಮ ಯಾರಿಗೂ ಬೇಡದವಳಾಗಿ ಹೋಗುತ್ತಾಳಲ್ಲ ಎಂಬುದೇ ಬೆಳಗಿನಿಂದ ಮಗಳ ಸಂಕಟ.

*

ಅಮ್ಮ ಕುಟುಂಬ ಯೋಜನೆ ಕ್ಲಿನಿಕ್ಕಿನಲ್ಲಿ ಇಪ್ಪತ್ತಾರು ವರ್ಷ ನರ್ಸಾಗಿದ್ದವಳು. ಮುಂದೆ ದೊಡ್ಡ ಬೋರ್ಡೇನೋ ಇತ್ತು. ಆ ಬಾಗಿಲಲ್ಲಿ ಬರುವ ಧೈರ್ಯ ಯಾರಿಗಿತ್ತು? ಗಂಡನಿಗೆ, ಅತ್ತೆಗೆ ಗೊತ್ತಾಗದಂತೆ ಹೆಂಗಸರು ಹಿಂದಿನಿಂದ ಬಂದು ಮೂರು ಸಲ ಬಡಿಯುತ್ತಿದ್ದರು. ಹೆಸರು ಕೇಳುವಂತಿಲ್ಲ. ನಂಬರು ಕೊರೆದ ತಗಡಿನ ಬಿಲ್ಲೆಯೇ ಗುರುತು. ಇನ್ನು ಬರುವ ಅಗತ್ಯವಿಲ್ಲ ಎಂದಾದಾಗ ಬಿಲ್ಲೆ ವಾಪಸ್ ಕೊಡಬೇಕು. ಒಂದು ದಿನ ಇದ್ದಕ್ಕಿದ್ದಂತೆ ಕ್ಲಿನಿಕ್ಕಿಗೆ ಬೀಗ ಬಿತ್ತು. ಬಿಲ್ಲೆಗಳು ಯಾರ್ಯಾರ ಮನೆಯಲ್ಲೋ ಉಳಿದವು.

"ಬೀದೀಲಿ ಯಾರೂ ನಿನ್ನ ಮುಖಾನೇ ನೋಡಲ್ವಲ್ಲಮ್ಮ," ಎಂದು ಮಗಳು ಚಿಕ್ಕವಳಿದ್ದಾಗ ಅತ್ತಿದ್ದಳು.

"ನಾನೇ ಹಾಗೆ ಹೇಳಿಟ್ಟಿದೀನಿ ಕಣೇ. ನೋಡಿ ನಕ್ಕರೆ, ನರ್ಸಮ್ಮ ನಿನಗೆ ಹೇಗೆ ಗೊತ್ತು ಅಂತ ಮನೇಲಿ ಕೇಳ್ತಾರೆ. ನಾನೂ ಅವರನ್ನ ನೋಡಲ್ಲ."

ಮಗಳು ನಂಬಿರಲಿಲ್ಲ. ಸಮಾಧಾನಕ್ಕೆ ಹೇಳಿದ ಮಾತು ಅಂದುಕೊಂಡಿದ್ದಳು.

*

ಚಿಲಕ ತೆಗೆದಳು. ಗುರುತಿಲ್ಲದ ಮುದುಕಿಯೊಬ್ಬಳು ಹಿಂಬಾಗಿಲಿಂದ ಒಳಬಂದು, ಅಮ್ಮನ ತಣ್ಣನೆಯ ಅಂಗೈಯಲ್ಲಿ ಏನೋ ಇಟ್ಟು, ಬಂದ ದಾರಿಯಲ್ಲೇ ಹೋದಳು. ತಗಡಿನ ಬಿಲ್ಲೆ. ನಲವತ್ತೊಂದು.

ಬಾಗಿಲು ಹಾಕಿದಳೋ ಇಲ್ಲವೋ, ಮತ್ತೆ ಮೂರು ಬಡಿತ. ಇನ್ನೊಬ್ಬಳು. ಅವಳು ಹೋದಮೇಲೆ ಹಿತ್ತಲಿಗೆ ಇಣುಕಿದರೆ ಒಂದು ಕಾಗೆಯೂ ಇಲ್ಲ. ಬಾಗಿಲು ಹಾಕಿದರೆ ಮತ್ತೆ ಬಡಿತ! ಬಂದವರಲ್ಲಿ ಒಬ್ಬಳೂ ಅಳಲಿಲ್ಲ, ಒಬ್ಬಳೂ ಮಗಳ ಮುಖ ನೋಡಲಿಲ್ಲ. ಬೆಳಿಗ್ಗೆ ಎಷ್ಟು ಬಿಡಿಸಿದರೂ ಬಿಚ್ಚಿಕೊಳ್ಳದಿದ್ದ ಅಮ್ಮನ ಬೆರಳುಗಳು ಬಿಲ್ಲೆಗಳಿಗೆ ಮಾತ್ರ ಜಾಗ ಕೊಡುತ್ತಿದ್ದವು.

ಕೊನೆಗೆ ಸದ್ದು ನಿಂತಿತು.

"ಮಣ್ಣಿಗೆ ಹೊರಡೋಣ್ವಾ ಅತ್ತೆ?" ಎನ್ನುತ್ತ ಮುಂದಿನ ಕೋಣೆಗೆ ಬಂದರೆ ಕುರ್ಚಿ ಖಾಲಿ. ಮುಂಬಾಗಿಲಲ್ಲಿ ಬಿಟ್ಟಿದ್ದ ಚಪ್ಪಲಿಯೂ ಇಲ್ಲ.

ಹಿಂಬಾಗಿಲು ಬಡಿಯಿತು. ಮೂರು ಸಲ.

ಮಗಳು ಚಿಲಕ ತೆಗೆದಳು. ಹೊಸ್ತಿಲಾಚೆ ಸೋದರತ್ತೆಯ ಚಪ್ಪಲಿ ಕಂಡವು. ಮೇಲೆ, ಬಿಗಿದ ಮುಷ್ಟಿ; ಬೆರಳ ಸಂದಿಯಲ್ಲಿ ತಗಡಿನ ಅಂಚು. ಮಗಳು ಅದಕ್ಕಿಂತ ಮೇಲೆ ಕಣ್ಣೆತ್ತಲಿಲ್ಲ. ಮುಖವನ್ನು ಗೋಡೆಯತ್ತ ತಿರುಗಿಸಿ, ದಾರಿ ಬಿಟ್ಟು ನಿಂತಳು.