ಪ್ಯಾಂಟಿನ ಮಡಿಕೆಯಲ್ಲಿ ಎರಡು ಕಿಲೋ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತೆ ಅಂತ ನಮ್ಮ ಯಜಮಾನರು ಮೂವತ್ತು ವರ್ಷದಿಂದ ಹೇಳ್ತಾ ಬಂದಿದ್ದಾರೆ. ಹೌದು, ಇರುತ್ತೆ. ಸಿಟ್ಟು ಬಂದೇ ನಾನು ಆ ಕೆಲಸ ಮಾಡಿದ್ದು.

ಅವರು ಲಾರಿ ತೂಗೋ ವೇಬ್ರಿಡ್ಜಿನಲ್ಲಿದ್ದವರು. ಡ್ರೈವರುಗಳು ಅವರನ್ನ ಕರೀತಿದ್ದಿದ್ದೇ ‘ತಕ್ಕಡಿ’ ಅಂತ. ಖಾಲಿ ಲಾರಿಯ ತೂಕ ಹೆಚ್ಚು ತೋರಿಸೋಕೆ ಸೀಟಿನಡಿ ಕಲ್ಲು ಬಚ್ಚಿಟ್ಟಿದ್ದರೆ ಟೈರು ನೋಡಿಯೇ ಹಿಡಿದುಬಿಡೋರು. “ಇಳಿಸಪ್ಪಾ ನಿನ್ನ ಕಲ್ಲು” ಅನ್ನೋರು, ಅಷ್ಟೇ. ಜಗಳವಿಲ್ಲ, ಕೂಗಾಟವಿಲ್ಲ.

ಅವರಿಗೆ ಬಂದ ಹೊಟ್ಟೆಯ ಕ್ಯಾನ್ಸರು ಲಿವರಿಗೂ ಹಬ್ಬಿತು. ಇದ್ದ ಮದ್ದೆಲ್ಲ ಕೈಕೊಟ್ಟ ಮೇಲೆ ಡಾಕ್ಟರು, “ಹೊಸ ಮದ್ದೊಂದನ್ನ ಪರೀಕ್ಷೆ ಮಾಡ್ತಿದ್ದೀವಿ, ಸೇರ್ತೀರಾ?” ಅಂದರು. ಗುಣವಾಗುತ್ತೆ ಅಂತ ಹೇಳಲಿಲ್ಲ. “ನನಗಾಗದಿದ್ರೆ ಹೋಗಲಿ, ನನ್ನ ಹಿಂದೆ ಬರೋರಿಗಾದ್ರೂ ಆಗುತ್ತಲ್ಲ” ಅಂತ ಇವರು ಸಹಿ ಹಾಕಿದರು. ಆಮೇಲೆ ಮನೆಗೆ ಬಂದವರಿಗೆಲ್ಲ ಪರೀಕ್ಷೆಯಲ್ಲಿ ತಮಗೆ ಕೊಟ್ಟ ನಂಬರು ಹೇಳಿದ್ದೇ ಹೇಳಿದ್ದು: ಹದಿನೇಳು. ಹಿಂದೆ ಬರೋರನ್ನ ಕಟ್ಟಿಕೊಂಡು ನನಗೇನು? ನನಗೆ ನನ್ನ ಗಂಡ ಬೇಕಿತ್ತು.

ತೂಕ ಐವತ್ತು ಕಿಲೋಗಿಂತ ಇಳಿದರೆ ಪರೀಕ್ಷೆಯಿಂದ ತೆಗೆದುಬಿಡ್ತಾರೆ. ಇವರು ಐವತ್ತೊಂದಿದ್ದರು. “ಚೆನ್ನಾಗಿ ತಿನ್ನಿಸಮ್ಮಾ” ಅಂದಳು ನರ್ಸು. ತಿನ್ನಿಸಬೇಕಂತೆ! ನಾಲ್ಕು ಚಮಚ ಗಂಜಿ ಒಳಗೆ ಹೋದರೆ ಆರು ಚಮಚ ವಾಪಸು ಬರ್ತಿತ್ತು. ನನಗೆ ಸಿಟ್ಟು ಬಂತು.

ನಾನು ದರ್ಜಿ. ಪರದೆ ಹಾರಾಡದ ಹಾಗೆ ಅಂಚಿಗೆ ಹೊಲಿಯೋ ಸೀಸದ ಬಿಲ್ಲೆಗಳು ಅಂಗಡಿಯಲ್ಲಿ ಡಬ್ಬಿ ತುಂಬ ಇದ್ದವು. ಅವರು ಹೊರಗೆ ಹೋಗುವಾಗ ಹಾಕೋ ಪ್ಯಾಂಟಿನ ಸೊಂಟ ಹೇಗೂ ಹಿಡಿಯಬೇಕಿತ್ತು. ಸೊಂಟದ ಪಟ್ಟಿಯಲ್ಲಿ, ಕಾಲಿನ ಮಡಿಕೆಯಲ್ಲಿ, ಸದ್ದಾಗದ ಹಾಗೆ ಒಂದೊಂದು ಬಿಲ್ಲೆಗೂ ಒಂದೊಂದು ಗೂಡು ಹೊಲಿದೆ. ವಾರವಾರ ಆಸ್ಪತ್ರೆಯಲ್ಲಿ ತೂಗೋ ಮೊದಲು ಇನ್ನೊಂದಿಷ್ಟು ಸೇರಿಸಿದೆ. ಕೊನೆಗೆ ಎರಡು ಕಿಲೋ ಆಯಿತು.

ತಕ್ಕಡಿಗೆ ಗೊತ್ತಾಗಲಿಲ್ಲ. “ನೋಡೇ, ಪ್ಯಾಂಟು ಹೊರೋಕೂ ಶಕ್ತಿಯಿಲ್ಲ ನನಗೆ” ಅಂತ ನಗೋರು. ಅದೇ ಪ್ಯಾಂಟು ಹಾಕಿಕೊಂಡು ಮಗಳ ಜೊತೆ ಸಂಜೆ ಬೀದಿ ಕೊನೆಯವರೆಗೆ ಹೋಗಿ ಬರ್ತಿದ್ದರು, ಅದನ್ನೂ ಬಿಟ್ಟರು. ನರ್ಸು ಕೇಳಿದಾಗ ಇದ್ದದ್ದು ಇದ್ದ ಹಾಗೆ ಹೇಳಿದರು, ಕಾಲು ಏಳ್ತಿಲ್ಲ ಅಂತ. ಅವಳು ಬರೆದುಕೊಂಡಳು.

ಏಳನೇ ವಾರ ಆಸ್ಪತ್ರೆಯಲ್ಲಿ ಅವಳೇ ಬಂದು ಹೇಳಿದಳು. “ಈ ಮದ್ದು ಕಾಲಿನ ಬಲ ತೆಗೆಯುತ್ತೆ ಅಂತ ನಿಮ್ಮಿಂದಲೇ ಗೊತ್ತಾಗಿದ್ದು ಸಾರ್. ಇನ್ನು ಮೇಲೆ ಬರೋರಿಗೆ ಅರ್ಧ ಡೋಸೇ ಕೊಡ್ತಾರಂತೆ.”

ಇವರ ಮುಖ ಅರಳಿತು. “ನೋಡಿದ್ಯಾ? ನನ್ನಿಂದಲೂ ಒಂದು ಉಪಕಾರ ಆಯ್ತು.”

ಯಾರ ಯಾರ ಗಂಡಂದಿರೋ, ನನ್ನ ಸೂಜಿಯಿಂದಾಗಿ ಅರ್ಧ ಮದ್ದು ತಗೋತಾರೆ.

ಮನೆಗೆ ಬಂದು ಅವರ ಎದುರೇ ಕೂತು ಹೊಲಿಗೆ ಬಿಚ್ಚಿದೆ. ಬಿಲ್ಲೆಗಳು ಒಂದೊಂದಾಗಿ ಹಾಸಿಗೆ ಮೇಲೆ ಬಿದ್ದವು. ಒಂದನ್ನ ಅವರು ಅಂಗೈಯಲ್ಲಿಟ್ಟು ತೂಗಿ ನೋಡಿದರು. ಬೈತಾರೆ ಅಂದುಕೊಂಡೆ. ಬೈದಿದ್ದರೆ ಚೆನ್ನಾಗಿರ್ತಿತ್ತು.

“ಹಾಗಾದ್ರೆ ನನ್ನ ಕಾಲು ಆಗ ಚೆನ್ನಾಗೇ ಇತ್ತಾ?” ಅಂದರು.

ನಾನು ಬಿಲ್ಲೆಗಳನ್ನ ಡಬ್ಬಿಗೆ ತುಂಬತೊಡಗಿದೆ.

“ಆಸ್ಪತ್ರೆಗೆ ಫೋನ್ ಮಾಡಿಕೊಡು.” ಮಾಡಿಕೊಟ್ಟೆ. “ಸಿಸ್ಟರ್, ಹದಿನೇಳನ್ನ ಹೊಡೆದುಹಾಕಿ. ತೂಕದಲ್ಲಿ ಮೋಸ ಆಗಿದೆ” ಅಂದರು. ಮೋಸ ಯಾರದು ಅಂತ ಹೇಳಲಿಲ್ಲ. ಅವತ್ತೇ ಮದ್ದು ನಿಂತಿತು. ಹದಿನೇಳರ ಕಡತವನ್ನ ಲೆಕ್ಕದಿಂದಲೇ ತೆಗೆದರು. ಆಮೇಲೆ ಮನೆಗೆ ಬಂದವರಿಗೆ ಅವರು ತಮ್ಮ ನಂಬರು ಹೇಳಲಿಲ್ಲ.

ಮಾರನೇ ಸಂಜೆ ನಾನೇ, “ಬನ್ನಿ, ಬೀದಿ ಕೊನೆಯವರೆಗೆ ಹೋಗಿ ಬರೋಣ” ಅಂದೆ. ಖಾಲಿ ಪ್ಯಾಂಟು ಹಾಕಿಸಿದೆ. ಗೋಡೆ ಹಿಡಿದು ಎದ್ದರು. ಎರಡು ಹೆಜ್ಜೆ ಇಟ್ಟರು, ಕೂತುಬಿಟ್ಟರು.

“ಇನ್ನೂ ಎಲ್ಲೋ ಒಂದೆರಡು ಉಳಿದಿರಬೇಕು ನೋಡೇ.”

ಸೊಂಟದ ಪಟ್ಟಿ, ಎರಡೂ ಮಡಿಕೆ, ಇಂಚಿಂಚೂ ಬೆರಳಾಡಿಸಿದೆ. ಒಂದೂ ಇರಲಿಲ್ಲ.

“ಹೂಂ, ಇದೆ” ಅಂದೆ. ಕತ್ತರಿ ತಂದು, ಅವರ ಕಾಲ ಬಳಿ ಕೂತು, ಖಾಲಿ ಮಡಿಕೆಯನ್ನ ಬಿಚ್ಚತೊಡಗಿದೆ.