ಶಾಂತವೀರಪ್ಪನವರಿಗಿಂತ ಎರಡು ಮೆಟ್ಟಿಲು ಮೇಲೆ

ಶಿಕಾರಿಪುರದ ಸಂತೆ ಮೈದಾನದ ಹಿಂದಿನ ಬೀದಿಯಲ್ಲಿ ಏಳು ಮನೆಗಳಿಗೆ ರೊಟ್ಟಿ ಬಡಿದುಕೊಡುವ ಶೇಷಮ್ಮನಿಗೆ, ತಾನು ಅದೇ ಬೀದಿಯ ಅಡಿಕೆ ವ್ಯಾಪಾರಿ ಶಾಂತವೀರಪ್ಪನವರಿಗಿಂತ ಶ್ರೀಮಂತೆ ಎಂಬ ಸಂಗತಿ ಗೊತ್ತಾದದ್ದು ಒಂದು ಬುಧವಾರ ಬೆಳಿಗ್ಗೆ, ಅವರದೇ ಅಡುಗೆಮನೆಯಲ್ಲಿ, ಹನ್ನೊಂದನೇ ರೊಟ್ಟಿ ಹಂಚಿನ ಮೇಲಿದ್ದಾಗ.

ಹಾಗೆಂದು ತೀರ್ಮಾನಿಸಿದ್ದು ಬೆಂಗಳೂರಿನ ಒಂದು ಸಂಸ್ಥೆ. ಸಣ್ಣ ಪಟ್ಟಣಗಳಲ್ಲಿ ಯಾರು ಬಡವರು, ಯಾರು ಅಲ್ಲ, ಸರ್ಕಾರದ ಯೋಜನೆಗಳು ಯಾರನ್ನು ಮುಟ್ಟುತ್ತವೆ, ಯಾರನ್ನು ದಾಟಿಕೊಂಡು ಹೋಗುತ್ತವೆ ಎಂದು ಅಧ್ಯಯನ ಮಾಡಿ ವರದಿ ಬರೆಯುವುದು ಅದರ ಕೆಲಸ. ಹೆಸರು ಬಹಳ ಉದ್ದವಿದ್ದುದರಿಂದ ಬೀದಿಯವರು ಅದನ್ನು ಬಡತನದ ಆಫೀಸು ಎಂದು ಕರೆಯುತ್ತಿದ್ದರು. ಆ ವರ್ಷ ಅದು ಶಿಕಾರಿಪುರವನ್ನೂ ಸೊರಬವನ್ನೂ ಆರಿಸಿಕೊಂಡಿತ್ತು. ಎರಡೂ ಕಡೆ ಮನೆಮನೆ ತಿರುಗಿ ಪ್ರಶ್ನೆ ಕೇಳುತ್ತಿದ್ದವಳು ಕುಪ್ಪಗಡ್ಡೆಯ ಚೈತ್ರ. ಎಂ.ಎ. ಮುಗಿಸಿ ಹನ್ನೊಂದು ತಿಂಗಳ ಗುತ್ತಿಗೆಯ ಮೇಲೆ ಸೇರಿದವಳು. ಅವಳ ಟ್ಯಾಬಿನಲ್ಲಿ ನಲವತ್ತೆರಡು ಪ್ರಶ್ನೆಗಳಿದ್ದವು. ಉತ್ತರ ಒತ್ತುತ್ತ ಹೋದರೆ ಕೊನೆಗೆ ಅದು ಆ ಮನೆಯನ್ನು ಒಂದರಿಂದ ಹತ್ತರವರೆಗಿನ ಯಾವುದೋ ಮೆಟ್ಟಿಲ ಮೇಲೆ ಕೂರಿಸುತ್ತಿತ್ತು. ಒಂದು ಎಂದರೆ ಕಡುಬಡವ, ಹತ್ತು ಎಂದರೆ ಕುಬೇರ. ಮನೆಯವರಿಗೆ ಅವರ ಮೆಟ್ಟಿಲನ್ನು ತಿಳಿಸಬೇಕು, ತಪ್ಪಿದೆ ಎಂದು ಅವರು ಹೇಳಿದರೆ ತಿದ್ದಬೇಕು ಎಂಬುದು ಸಂಸ್ಥೆಯ ನಿಯಮ.

ಶಾಂತವೀರಪ್ಪನವರು ಒಂದು ಸುಳ್ಳನ್ನೂ ಹೇಳಿರಲಿಲ್ಲ. ಚೈತ್ರಳನ್ನು ಹೆಂಚಿನ ಜಗುಲಿಯಲ್ಲೇ ಕೂರಿಸಿ, ಹಿಂದಿನ ಎರಡಂತಸ್ತು ಕಾಣದ ಹಾಗೆ ಬಾಗಿಲು ಮುಂದಕ್ಕೆ ಎಳೆದು, ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟಿದ್ದರು. ನಿಮ್ಮ ಹೆಸರಿನಲ್ಲಿ ಮನೆ ಇದೆಯೇ ಎಂದರೆ ಇಲ್ಲ, ಅದು ತಾಯಿಯ ಹೆಸರಿನಲ್ಲಿತ್ತು. ಕಾರು ಇದೆಯೇ ಎಂದರೆ ಇಲ್ಲ, ಅದು ಉಡುತಡಿಯ ಭಾವಮೈದುನನ ಹೆಸರಿನಲ್ಲಿತ್ತು, ಆ ವಾರ ಅವನ ಅಂಗಳದಲ್ಲೇ ನಿಂತಿತ್ತು. ಗದ್ದೆ ತಮ್ಮನದು, ಅಡಿಕೆ ಮಂಡಿ ಹೆಂಡತಿಯದು. ಟ್ಯಾಬು ಅವರನ್ನು ನಾಲ್ಕನೇ ಮೆಟ್ಟಿಲಲ್ಲಿ ಕೂರಿಸಿತು. ಏನೋ ಒಂದು ಸವಲತ್ತು ಬಂದೇ ಬರುತ್ತದೆಂದು ಅವರು ಅದನ್ನು ಬೀದಿಗೆಲ್ಲ ಸಾರಿಕೊಂಡು ಬಂದರು.

ಶೇಷಮ್ಮನೂ ಸುಳ್ಳು ಹೇಳಿರಲಿಲ್ಲ. ಫ್ರಿಜ್ ಇದೆಯೇ ಎಂದಾಗ ಇದೆ ಎಂದಿದ್ದಳು. ಕೆಟ್ಟುಹೋದದ್ದನ್ನು ಯಾರೋ ಕೊಟ್ಟಿದ್ದರು, ಇಲಿ ಬರುವುದಿಲ್ಲವೆಂದು ಅವಳು ಅದರಲ್ಲಿ ಹಿಟ್ಟು ಇಡುತ್ತಿದ್ದಳು. ಆದರೆ ಕೆಟ್ಟಿದೆ ಎಂದು ಒತ್ತಲು ಟ್ಯಾಬಿನಲ್ಲಿ ಜಾಗವಿರಲಿಲ್ಲ. ವಾರದಲ್ಲಿ ಎಷ್ಟು ದಿನ ತುಪ್ಪ ತಿನ್ನುತ್ತೀರಿ ಎಂದಾಗ ಐದು ಎಂದಿದ್ದಳು, ಯಾಕೆಂದರೆ ಐದು ದಿನ ಯಾವುದಾದರೊಂದು ಅಡುಗೆಮನೆಯಲ್ಲಿ ಅವಳ ರೊಟ್ಟಿಯ ಮೇಲೆ ಒಂದು ಚಮಚ ಬೀಳುತ್ತಿತ್ತು. ಆದಾಯದ ಮೂಲಗಳೆಷ್ಟು ಎಂದಾಗ ಏಳು ಮನೆ ಎಂದಳು. ಏಳು ಮೂಲ ಎಂದು ಓದಿಕೊಂಡ ಟ್ಯಾಬು ಬಹಳ ಸಂತೋಷದಿಂದ ಅವಳನ್ನು ಆರನೇ ಮೆಟ್ಟಿಲಿಗೆ ಏರಿಸಿತು.

ತನ್ನ ಮೆಟ್ಟಿಲು ಅವಳಿಗೆ ಹಿಂದಿನ ದಿನವೇ ಗೊತ್ತಾಗಿತ್ತು, ಆದರೆ ಅದರ ಬೆಲೆ ಗೊತ್ತಿರಲಿಲ್ಲ. ಬುಧವಾರ ಶಾಂತವೀರಪ್ಪನವರು ಕೈ ತೊಳೆಯಲು ಒಳಗೆ ಬಂದು, ನಾವು ನಾಲ್ಕನೇ ಮೆಟ್ಟಿಲಂತೆ ಎಂದು ಹೆಂಡತಿ ಸರ್ವಮಂಗಳಮ್ಮನಿಗೆ ಎರಡನೇ ಬಾರಿ ಹೇಳಿದಾಗ ಶೇಷಮ್ಮ ಮನಸ್ಸಿನಲ್ಲೇ ಕಳೆದು ನೋಡಿದಳು. ನಗು ತಡೆಯಲು ಸೆರಗು ಬಾಯಿಗಿಟ್ಟುಕೊಂಡಳು. ಅಷ್ಟರಲ್ಲಿ ರೊಟ್ಟಿ ಸೀದಿತು. ಸೀದ ರೊಟ್ಟಿಗೆ ಸರ್ವಮಂಗಳಮ್ಮ ಎರಡು ಮಾತು ಅಂದರು. ಬಹುಶಃ ಆ ಮಾತು ಬೀಳದಿದ್ದರೆ ಮುಂದಿನದ್ದು ಆಗುತ್ತಿರಲಿಲ್ಲ.

ಶಾಂತವೀರಪ್ಪನವರ ಮಗಳು ಶರಣ್ಯಳಿಗೆ ಆಗ ಸೊರಬದ ಒಂದು ಮನೆತನದ ಜೊತೆ ಸಂಬಂಧದ ಮಾತು ನಡೆಯುತ್ತಿತ್ತು. ಶೇಷಮ್ಮ ಮುಂದಿನ ರೊಟ್ಟಿಯನ್ನು ತಟ್ಟುತ್ತ, ಯಾರಿಗೂ ಅಲ್ಲವೆಂಬಂತೆ ಹೇಳಿದಳು.

"ಆ ಹುಡುಗಿ ಸೊರಬಕ್ಕೂ ಹೋಗ್ತಾಳಂತ್ರಿ. ಎಲ್ಲಾರ ಮನಿ ಲೆಕ್ಕಾನೂ ಅವಳ ಚೀಲದಾಗೇ ಇರ್ತತಿ."

ಎರಡೂ ನಿಜವಾದ ಮಾತು. ಅದಕ್ಕಿಂತ ಒಂದಕ್ಷರ ಹೆಚ್ಚು ಅವಳು ಆಡಲಿಲ್ಲ. ಉಳಿದದ್ದನ್ನು ಸರ್ವಮಂಗಳಮ್ಮನವರೇ ಸೇರಿಸಿಕೊಂಡರು. ಉಳಿದ ಆರು ಮನೆಗಳಲ್ಲೂ ಶೇಷಮ್ಮ ಅದೇ ಎರಡು ಮಾತನ್ನು ಅದೇ ದನಿಯಲ್ಲಿ ಆಡಿದಳು. ಪ್ರತಿ ಮನೆಯಲ್ಲೂ ಮದುವೆಗೆ ಬಂದ ಮಗಳೋ ಮಗನೋ ತಮ್ಮನೋ ಯಾರಾದರೊಬ್ಬರು ಇದ್ದೇ ಇದ್ದರು. ಮತ್ತು ಶಿಕಾರಿಪುರದವರಿಗೆ ಬೀಗರು ಸಿಗುವುದು ಹೆಚ್ಚಾಗಿ ಸೊರಬದ ಕಡೆಗೇ.

ಮರುದಿನ ಬೆಳಿಗ್ಗೆಯಿಂದ ಚೈತ್ರಳ ಫೋನು ಬಿಡುವಿಲ್ಲದೆ ಬಡಿದುಕೊಂಡಿತು. ಮೊದಲು ಕರೆಸಿಕೊಂಡವರು ಶಾಂತವೀರಪ್ಪನವರು. ಈ ಸಲ ಜಗುಲಿಯಲ್ಲಿ ಕೂರಿಸಲಿಲ್ಲ. ಎರಡಂತಸ್ತನ್ನೂ ಹತ್ತಿಸಿ, ನೀರು ಶುದ್ಧ ಮಾಡುವ ಯಂತ್ರದಿಂದ ಹಿಡಿದು ಯಾರೂ ಮಲಗದ ತೂಗುಮಂಚದವರೆಗೆ ತೋರಿಸಿದರು. ಉಡುತಡಿಯ ಕಾರು ಮಧ್ಯಾಹ್ನದೊಳಗೆ ಬಾಗಿಲಿಗೆ ಬಂದು ನಿಂತಿತು. ಅದರ ಫೋಟೊ ಬೇಕಾಗುತ್ತದೆಯೇ ಎಂದು ಅವರೇ ಕೇಳಿದರು. ಎದುರುಮನೆಯ ಬಟ್ಟೆ ಅಂಗಡಿ ಲೋಕಪ್ಪ, ತಾನು ಮೊದಲು ಹೇಳಿದ್ದೆಲ್ಲ ಮರೆವಿನಲ್ಲಿ ಹೇಳಿದ್ದೆಂದು ಹೇಳಿ, ಒಂಬತ್ತಕ್ಕೆ ಕಡಿಮೆಯಾಗದಂತೆ ನೋಡಿಕೊಳ್ಳಲು ಬೇಡಿಕೊಂಡ. ಹತ್ತು ದಿನದಲ್ಲಿ ಬೀದಿಗೆ ಬೀದಿಯೇ ಮೆಟ್ಟಿಲು ಹತ್ತಿತು. ತಿದ್ದಲು ಕೇಳದವಳು ಶೇಷಮ್ಮ ಒಬ್ಬಳೇ. ಹಾಗಾಗಿ ಆರನೇ ಮೆಟ್ಟಿಲಲ್ಲಿದ್ದ ಅವಳು ಈಗ ಬೀದಿಯ ಅತಿ ಬಡವಳಾದಳು. ಅಷ್ಟರ ಮಟ್ಟಿಗೆ ಲೆಕ್ಕ ಸರಿಹೋಗಿತ್ತು.

ಬೆಂಗಳೂರಿನಲ್ಲಿ ಸಂಸ್ಥೆಯ ಮುಖ್ಯಸ್ಥ ಹರ್ಷವರ್ಧನ ತನ್ನ ಪರದೆಯ ಮೇಲೆ ಒಂದು ಗೆರೆ ನೆಟ್ಟಗೆ ಮೇಲಕ್ಕೆ ಹೋದದ್ದನ್ನು ಕಂಡು ಕುರ್ಚಿಯಿಂದ ಎದ್ದುನಿಂತನಂತೆ. ಅವನಿಗೆ ಹದಿನಾಲ್ಕು ವರ್ಷ ಬಡತನವನ್ನೇ ಓದಿದ ಅನುಭವ. ಇಷ್ಟು ಬೇಗ ಅದು ಹೊರಟುಹೋದದ್ದನ್ನು ಎಲ್ಲೂ ನೋಡಿರಲಿಲ್ಲ. ಅವನ ಕೈಕೆಳಗಿನ ಮೂವರು ಸಂಶೋಧಕರು ಮೂರು ಕಾರಣ ಕೊಟ್ಟರು. ಒಬ್ಬನಿಗೆ ಅದು ಹೆಂಗಸರ ಕೈಗೆ ಸೇರುವ ಸರ್ಕಾರದ ಹಣದ ಫಲವೆಂದು ಕಂಡಿತು, ಇನ್ನೊಬ್ಬಳಿಗೆ ಅಡಿಕೆಯ ಧಾರಣೆಯೆಂದು. ಮೂರನೆಯವನು, ಹಿರಿಯ, ಸಮುದಾಯದ ಆತ್ಮವಿಶ್ವಾಸ ಎಂದ. ಮೂರಕ್ಕೂ ಒಂದೊಂದು ಪ್ರಬಂಧ ಬರೆಯುವುದೆಂದು ತೀರ್ಮಾನವಾಯಿತು. ಹರ್ಷವರ್ಧನ ಖುದ್ದಾಗಿ ನೋಡಲು ಬರುತ್ತೇನೆಂದು ಚೈತ್ರಳಿಗೆ ಫೋನು ಮಾಡಿದ.

ಚೈತ್ರಳ ಗುತ್ತಿಗೆ ಮುಗಿಯಲು ಐದು ವಾರವಿತ್ತು. ತಿದ್ದಿಸಿಕೊಂಡವರೆಲ್ಲ ಮಾತಿನ ನಡುವೆ, ಸೊರಬಕ್ಕೆ ಯಾವಾಗ ಹೋಗುತ್ತೀರಿ ಎಂದು ಕೇಳಿದ್ದು ಅವಳಿಗೆ ನೆನಪಿತ್ತು. ಈ ಪ್ರಶ್ನೆ ಎಲ್ಲಿಂದ ಹುಟ್ಟಿತು ಎಂದು ಒಂದೊಂದೇ ಮನೆ ಹಿಂದಕ್ಕೆ ನಡೆದರೆ ಎಲ್ಲ ದಾರಿಯೂ ಅಡುಗೆಮನೆಗೆ ಹೋಗಿ ನಿಲ್ಲುತ್ತಿತ್ತು. ಅವಳು ನೇರವಾಗಿ ಶೇಷಮ್ಮನ ಒಂದೇ ಕೋಣೆಯ ಮನೆಗೆ ಹೋಗಿ ಕೇಳಿದಳು. ಶೇಷಮ್ಮ ಅಡಗಿಸಲಿಲ್ಲ. ಹೇಳುತ್ತ ಹೇಳುತ್ತ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಚೈತ್ರ, ನನ್ನ ಕೆಲಸ ಹೋಗುತ್ತದೆ ಎಂದಳು. ಅದು ಶೇಷಮ್ಮನ ತಲೆಗೇ ಹೊಳೆದಿರಲಿಲ್ಲ.

"ಕರ್ಕೊಂಡು ಬಾ ತಂಗಿ ಆ ದೊಡ್ಡೋರ್ನ," ಎಂದಳು ಆಮೇಲೆ. "ನಾನು ಮಾಡಿದ್ದು ನಾನೇ ಹೇಳ್ತೀನಿ."

ಹರ್ಷವರ್ಧನ ಬಂದ. ಶಾಂತವೀರಪ್ಪನವರ ಮನೆಯಲ್ಲಿ ಹೋಳಿಗೆ ತಿಂದ, ಲೋಕಪ್ಪನ ಮನೆಯಲ್ಲಿ ಗಾಜಿನ ಕಪಾಟು ನೋಡಿದ. ಬಹಳ ಬರೆದುಕೊಂಡ. ಕೊನೆಗೆ ಚೈತ್ರ ಅವನನ್ನು ಶೇಷಮ್ಮನ ಮನೆಗೆ ಕರೆದುತಂದು ಮಣೆಯ ಮೇಲೆ ಕೂರಿಸಿ, ಫ್ರಿಜ್ಜಿನ ಬಾಗಿಲು ತೆಗೆದಳು. ಒಳಗೆ ಜೋಳದ ಹಿಟ್ಟಿನ ಡಬ್ಬ, ಒಂದು ಜರಡಿ, ಮಡಿಸಿಟ್ಟ ಸೀರೆ. ಶೇಷಮ್ಮ ಬುಧವಾರದಿಂದ ಹಿಡಿದು ಎಲ್ಲವನ್ನೂ ಹೇಳಿದಳು, ಸೀದ ರೊಟ್ಟಿಯನ್ನೂ ಬಿಡಲಿಲ್ಲ. ಮೂರು ಪ್ರಬಂಧಗಳು ಕಣ್ಣೆದುರೇ ಕರಗುತ್ತಿದ್ದರೂ ಅವನು ಸಿಟ್ಟಾಗಲಿಲ್ಲ. ನಡುವೆ ಎಲ್ಲೋ ಬರೆಯುವುದನ್ನು ನಿಲ್ಲಿಸಿದ. ಮುಗಿದ ಮೇಲೆ, ಹಾಗಾದರೆ ಯಾರು ಯಾವ ಮೆಟ್ಟಿಲೆಂದು ನಿಮಗೆ ಹೇಗೆ ತಿಳಿಯುತ್ತದೆ ಎಂದು ನಿಜವಾಗಿ ತಿಳಿಯಬೇಕೆಂದೇ ಕೇಳಿದ.

"ಹಿಟ್ಟಿನ ಡಬ್ಬ ನೋಡ್ತೀನ್ರಿ. ಮೇಲಿಂದ ಮೊಗೀತಾರೋ, ಬಗ್ಗಿಸಿ ಕೆರೀತಾರೋ. ನಮ್ಮ ಬೀದಿಯಾಗೆ ಒಂದು ಮನಿ ಐತಿ, ತಿಂಗಳ ಹದಿನೈದು ದಾಟಿದ್ರೆ ಬಗ್ಗಿಸ್ತಾರೆ. ಹೊರಗಿಂದ ನೋಡಿದ್ರೆ ನೀವು ನಂಬಂಗಿಲ್ಲ. ಅವರೂ ಮೊನ್ನೆ ಮೇಲಿನ ಮೆಟ್ಲು ಬರೆಸ್ಯಾರೆ."

ಯಾವ ಮನೆ ಎಂದು ಅವನು ಕೇಳಿದ. ಶೇಷಮ್ಮ ಅಡ್ಡಡ್ಡ ತಲೆಯಾಡಿಸಿದಳು.

"ಅದನ್ನ ಹೇಳಂಗಿಲ್ರಿ. ಅವರ ಉಪ್ಪು ತಿಂದೀನಿ. ಅವರಿಗೆ ಹಂಗ ಆಗಬಾರದಿತ್ತು. ಅದೊಂದು ನಾ ತಪ್ಪು ಮಾಡಿದೆ."

ಎಲ್ಲವನ್ನೂ ನಗುತ್ತ ಹೇಳಿದವಳು ಅದನ್ನು ಮಾತ್ರ ನೆಲ ನೋಡಿಕೊಂಡು ಹೇಳಿದಳು.

ಅದೇ ಸಂಜೆ ಚೈತ್ರ ಬೀದಿಯ ಪ್ರತಿ ಮನೆಗೂ ಹೋಗಿ, ನಿಮ್ಮ ಉತ್ತರಗಳನ್ನು ಸೊರಬದವರಿರಲಿ ಪಕ್ಕದ ಮನೆಯವರಿಗೂ ತೋರಿಸುವುದಿಲ್ಲ, ಅದರಿಂದ ಲಾಭವೂ ಇಲ್ಲ, ನಷ್ಟವೂ ಇಲ್ಲ ಎಂದು ಬಿಡಿಸಿ ಹೇಳಿದಳು. ಶಾಂತವೀರಪ್ಪನವರು ಸಂಪೂರ್ಣ ಕೇಳಿಸಿಕೊಂಡು, ಹಾಗಿದ್ದರೆ ಮೊದಲಿದ್ದ ನಾಲ್ಕೇ ಇರಲಿ, ಸುಮ್ಮನೆ ಯಾಕೆ ಬದಲಾಯಿಸುವುದು ಎಂದರು. ಕಾರು ಇನ್ನೂ ಬಾಗಿಲಲ್ಲೇ ನಿಂತಿತ್ತು. ಚೈತ್ರ ಕಾರಿನ ಕಡೆ ಒಮ್ಮೆ ನೋಡಿದಳು. ಅವರು ಮಾತು ಬದಲಿಸಿ ಕಾಫಿ ಕುಡಿಯುತ್ತೀರಾ ಎಂದರು.

ಲೋಕಪ್ಪ ಮನೆಯಲ್ಲಿ ಏನೂ ಹೇಳಲಿಲ್ಲ. ಅವಳು ಬೀದಿಯ ತಿರುವು ದಾಟುವಾಗ ಹಿಂದಿನಿಂದ ಬಂದು ನಿಲ್ಲಿಸಿದ.

"ಮೇಡಂ, ನಾ ಮೊದಲು ಹೇಳಿದ್ದೇ ಬರ್ಕೊಳ್ರಿ," ಎಂದ. "ಅಂಗಡಿ ನಡೀವಲ್ದು. ಮನಿಯಾಗೆ ಮಕ್ಕಳಿಗೂ ಗೊತ್ತಿಲ್ಲ."

ಅವಳು ಅಲ್ಲೇ ಬೀದಿದೀಪದ ಕಂಬಕ್ಕೆ ಒರಗಿ ಅವನ ನಲವತ್ತೆರಡು ಉತ್ತರಗಳನ್ನು ಮತ್ತೆ ಒತ್ತಿದಳು. ಅವನು ಮೂರನೇ ಮೆಟ್ಟಿಲಿಗೆ ಇಳಿದ. ಇಳಿದದ್ದಕ್ಕೆ ಹಗುರಾದವನಂತೆ ಕಂಡ.

ಸಂಸ್ಥೆ ಆ ಬೀದಿಯನ್ನು ತನ್ನ ಗೆರೆಯಿಂದ ತೆಗೆದುಹಾಕಿತು. ಪ್ರಬಂಧ ಮೂರರ ಬದಲು ಒಂದೇ ಬಂತು, ಅದನ್ನು ಬರೆದವನು ಹರ್ಷವರ್ಧನ, ವಿಷಯ ತಮ್ಮ ಪ್ರಶ್ನೆಗಳು ಎಲ್ಲೆಲ್ಲಿ ತಪ್ಪಿದವು ಎಂಬುದು. ಚೈತ್ರಳ ಗುತ್ತಿಗೆ ಮತ್ತೆ ಹನ್ನೊಂದು ತಿಂಗಳಿಗೆ ಮುಂದುವರಿಯಿತು. ಹನ್ನೆರಡು ಮಾಡುವ ಬಗ್ಗೆ ಮಾತ್ರ ಯಾವ ಅಧ್ಯಯನವೂ ನಡೆಯಲಿಲ್ಲ. ಶರಣ್ಯಳ ಸಂಬಂಧವೂ ಕುದುರಿತು. ಸೊರಬದ ಬೀಗರು ಮೆಟ್ಟಿಲ ವಿಚಾರ ಕೇಳಲೇ ಇಲ್ಲ, ಹುಡುಗಿಗೆ ಸ್ಕೂಟಿ ಓಡಿಸಲು ಬರುತ್ತದೆಯೇ ಎಂದಷ್ಟೇ ಕೇಳಿದರು.

ಸೊರಬದ ಎರಡನೇ ಸುತ್ತಿಗೆ ಹೊಸದಾಗಿ ಐವರು ಪದವೀಧರರನ್ನು ತೆಗೆದುಕೊಂಡಿದ್ದರು. ಅವರಿಗೆ ಮನೆ ನೋಡುವುದನ್ನು ಕಲಿಸಲು ದಿನಗೂಲಿ ಕೊಟ್ಟು ಶೇಷಮ್ಮನನ್ನು ಎರಡು ದಿನ ಕರೆಸಿಕೊಂಡರು. ಅವಳ ಏಳು ಮನೆಯವರು ಆ ಎರಡು ದಿನ ಅನ್ನ ಉಂಡರು. ಸೊರಬದ ಬಸ್ ನಿಲ್ದಾಣದಲ್ಲಿ ಇಳಿದವಳು ಆ ಐವರಿಗೂ ಮೊದಲು ಟ್ಯಾಬನ್ನು ಚೀಲದೊಳಗೆ ಇಡಿಸಿದಳು.

ಮೊದಲನೇ ಮನೆಯ ಹೆಂಗಸು ಬಾಗಿಲಲ್ಲಿ ನಿಂತು, ನೀವೂ ಆಫೀಸಿನವರಾ ಎಂದು ಶೇಷಮ್ಮನನ್ನು ಕೇಳಿದಳು. ಶೇಷಮ್ಮ ಒಂದು ಗಳಿಗೆ ಯೋಚಿಸಿ ಹೌದು ಎಂದಳು. ಹಾಗಿದ್ದರೆ ರೇಷನ್ ಕಾರ್ಡು ತರುತ್ತೇನೆ, ಒಲೆಯ ಮೇಲೆ ಹಾಲಿದೆ, ಸ್ವಲ್ಪ ನೋಡಿಕೊಳ್ಳಿ ಎಂದು ಹೇಳಿ ಆ ಹೆಂಗಸು ಅಟ್ಟ ಹತ್ತಿದಳು. ಐವರೂ ಜಗುಲಿಯಲ್ಲಿ ಸಾಲಾಗಿ ಕುಳಿತರು. ಶೇಷಮ್ಮ ಒಳಗೆ ಹೋಗಿ ಉರಿ ಸಣ್ಣ ಮಾಡಿ ಹಾಲಿನ ಪಕ್ಕ, ಹಿಟ್ಟಿನ ಡಬ್ಬ ಕಾಣುವ ಕಡೆ ನಿಂತಳು.